ಚರ್ಚೆಗಳ ಶ್ರೇಣೀಕರಣ: ಸದಸ್ಯರ ಮತ ಮತ್ತು ಕ್ರಮದ ಲೆಕ್ಕ

ಅಂತರಜಾಲದಲ್ಲಿ ಬಹುಮಂದಿ ಸೇರಿ ನಡೆಸುವ ಚರ್ಚೆಗಳಲ್ಲಿ ಯಾವುದು ಮೇಲೆ ಕಾಣಬೇಕು, ಯಾವುದು ಕೆಳಗಿಳಿಯಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ಸದಸ್ಯರೇ ಕೊಡುವ ಮತದಿಂದ ಅಥವಾ ಅಂಕದಿಂದ ತೀರ್ಮಾನಿಸುವ ಪದ್ಧತಿ ಇದು. ನಕ್ಷತ್ರ ಕೊಡುವುದು, ಮೇಲ್ಮುಖ ಇಲ್ಲವೆ ಕೆಳಮುಖ ಬಾಣ ಒತ್ತುವುದು, ಲೈಕ್ ಮಾಡುವುದು ಇದರ ಬೇರೆ ಬೇರೆ ರೂಪಗಳು. ಇದರಲ್ಲಿ ಎರಡು ಕೆಲಸಗಳು ಕೂಡಿಕೊಂಡಿವೆ. ಒಂದು, ಅಭಿಪ್ರಾಯವನ್ನು ಕಲೆಹಾಕುವುದು. ಇನ್ನೊಂದು, ಕಲೆಹಾಕಿದ್ದನ್ನು ಲೆಕ್ಕಕ್ಕೆ ಒಳಪಡಿಸಿ ಮೇಲಿಂದ ಕೆಳಗೆ ಒಂದು ಸಾಲಾಗಿ ಜೋಡಿಸುವುದು. ಓದುಗರ ಕಣ್ಣಿಗೆ ಬೀಳುವುದು ಮೊದಲನೆಯ ಕೆಲಸ ಮಾತ್ರ. ಆದರೆ ಅವರು ಕೊನೆಗೆ ಏನನ್ನು ಓದುತ್ತಾರೆ ಎಂಬುದು ಬಹುಮಟ್ಟಿಗೆ ಎರಡನೆಯದರ ಮೇಲೆ ನಿಂತಿದೆ. ಅವೇ ಮತಗಳಿಗೆ ಬೇರೊಂದು ಸೂತ್ರ ಹಾಕಿದರೆ ಬೇರೊಂದೇ ಪುಟ ಎದುರಾಗುತ್ತದೆ. ಸೂತ್ರ ಬರೆದವರ ತೀರ್ಪೂ ಆ ಪುಟದಲ್ಲಿ ಸೇರಿರುತ್ತದೆ. ಇದನ್ನು ಬಿಟ್ಟು ಈ ಪದ್ಧತಿಯನ್ನು ‘ಜನಾಭಿಪ್ರಾಯ’ ಎಂದಷ್ಟೇ ಕರೆಯುವುದು ಸರಿಯಲ್ಲ.

ಮತ ಬರುವ ಮುನ್ನ

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಚರ್ಚಾಜಾಲವಾದ ಯೂಸ್‌ನೆಟ್‌ನಲ್ಲಿ ಸಂದೇಶಗಳಿಗೆ ಯಾರೂ ಅಂಕ ಕೊಡುತ್ತಿರಲಿಲ್ಲ. ಬೇಡವಾದದ್ದನ್ನು ದೂರವಿಡಲು ಓದುಗರಿಗೆ ಇದ್ದ ಉಪಾಯ ‘ಕಿಲ್ ಫೈಲ್’. ಇಂಥವರು ಬರೆದದ್ದು, ಇಂಥ ಶೀರ್ಷಿಕೆಯದ್ದು ತೋರಿಸಬೇಡ ಎಂದು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ಹೀಗೆ ಒಬ್ಬರು ಕೂತು ಜೊಳ್ಳು ತೆಗೆದರೂ ಅದರ ಪ್ರಯೋಜನ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಎಲ್ಲರೂ ಅದೇ ಕೆಲಸವನ್ನು ಮೊದಲಿಂದ ಮಾಡಬೇಕಿತ್ತು.

ಮುಂದೆ ವೆಬ್‌ನಲ್ಲಿ ಬಂದ ಚರ್ಚಾವೇದಿಕೆಗಳು ಕೊನೆಯ ಉತ್ತರದ ಹೊತ್ತನ್ನು ನೋಡಿ ಜೋಡಿಸುವ ಕ್ರಮವನ್ನು ಹಿಡಿದವು. ಯಾವ ಥ್ರೆಡ್‌ಗೆ (ಚರ್ಚೆಯ ಎಳೆಗೆ) ಈಗಷ್ಟೇ ಯಾರೋ ಉತ್ತರ ಬರೆದರೋ ಅದು ತಲೆಗೇರುತ್ತದೆ. ಸರಳವಾದ, ಎಲ್ಲರಿಗೂ ಅರ್ಥವಾಗುವ ಕ್ರಮ. ಇದರ ದೋಷವೂ ಅಷ್ಟೇ ಸ್ಪಷ್ಟ: ಜಗಳ ನಡೆಯುತ್ತಿರುವ ಥ್ರೆಡ್ ಕೆಳಗಿಳಿಯುವುದೇ ಇಲ್ಲ, ಒಂದೇ ಉತ್ತರದಲ್ಲಿ ಬಗೆಹರಿದ ಒಳ್ಳೆಯ ಪ್ರಶ್ನೆ ಆ ದಿನವೇ ಮುಳುಗುತ್ತದೆ. ಜಪಾನಿನಲ್ಲಿ 1999ರಲ್ಲಿ ಶುರುವಾದ ‘2ಚಾನೆಲ್’ ಇದಕ್ಕೊಂದು ಸಣ್ಣ ಪರಿಹಾರ ಇಟ್ಟಿತ್ತು. ಉತ್ತರ ಬರೆಯುವಾಗ ಇಮೇಲ್ ಜಾಗದಲ್ಲಿ ‘ಸಾಗೆ’ ಎಂದು ಹಾಕಿದರೆ ಉತ್ತರ ಸೇರಿಕೊಳ್ಳುತ್ತಿತ್ತು, ಥ್ರೆಡ್ ಮಾತ್ರ ಮೇಲೇಳುತ್ತಿರಲಿಲ್ಲ.

ಒಬ್ಬರ ಅಭಿಪ್ರಾಯ ಇನ್ನೊಬ್ಬರ ಓದಿಗೆ ಒದಗಬೇಕೆಂಬ ಯೋಚನೆ ಸಂಶೋಧನಾಲಯಗಳಿಂದ ಬಂತು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಸ್ಥೆಯ ‘ಟ್ಯಾಪೆಸ್ಟ್ರಿ’ ವ್ಯವಸ್ಥೆಯ ಬಗ್ಗೆ 1992ರಲ್ಲಿ ಪ್ರಬಂಧ ಹೊರಬಂತು. ಬಂದ ಸಂದೇಶಗಳ ಮೇಲೆ ಸಹೋದ್ಯೋಗಿಗಳು ಹಾಕಿದ ಟಿಪ್ಪಣಿಗಳನ್ನೇ ಜರಡಿಯಾಗಿ ಬಳಸುವ ವ್ಯವಸ್ಥೆ ಅದು. 1994ರಲ್ಲಿ ಪಾಲ್ ರೆಸ್ನಿಕ್, ಜಾನ್ ರೀಡ್ಲ್ ಮತ್ತು ಸಂಗಡಿಗರು ‘ಗ್ರೂಪ್‌ಲೆನ್ಸ್’ ಅನ್ನು ಪ್ರಕಟಿಸಿದರು. ಯೂಸ್‌ನೆಟ್ ಓದುಗರು ಪ್ರತಿ ಸಂದೇಶಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಿದ್ದರು. ಹಿಂದೆ ನಿಮ್ಮ ಅಂಕಗಳೊಂದಿಗೆ ಯಾರ ಅಂಕಗಳು ಹೊಂದಿಕೊಂಡಿದ್ದವೋ ಅವರ ಮಾತಿಗೆ ಹೆಚ್ಚು ತೂಕ ಕೊಟ್ಟು, ಹೊಸ ಸಂದೇಶ ನಿಮಗೆ ಎಷ್ಟು ಹಿಡಿಸೀತು ಎಂದು ಅದು ಊಹಿಸುತ್ತಿತ್ತು. ಇದರಲ್ಲಿ ಎಲ್ಲರಿಗೂ ಒಂದೇ ಕ್ರಮ ಇರಲಿಲ್ಲ. ಈ ದಾರಿ ಮುಂದೆ ಸಿನಿಮಾ, ಪುಸ್ತಕ, ಸರಕುಗಳನ್ನು ಶಿಫಾರಸು ಮಾಡುವ ಕಡೆಗೆ ಹೋಯಿತು. ಚರ್ಚಾಸ್ಥಳಗಳು ಬಹುಪಾಲು ಎಲ್ಲರಿಗೂ ಒಂದೇ ಕ್ರಮ ಎಂಬ ದಾರಿಯನ್ನೇ ಹಿಡಿದವು. ವಾದ ಮಾಡುವವರೆಲ್ಲರ ಎದುರಿಗೆ ಒಂದೇ ಪುಟ ಇರಬೇಕೆಂಬುದು ನ್ಯಾಯವಾದ ಕಾರಣವೇ. ಆದರೆ ಅಲ್ಲಿಂದ ಮುಂದೆ ಮೇಲಿನ ಜಾಗ ಎಲ್ಲರೂ ಪೈಪೋಟಿ ನಡೆಸುವ ವಸ್ತುವಾಯಿತು.

ಸ್ಲ್ಯಾಷ್‌ಡಾಟ್

1997ರಲ್ಲಿ ರಾಬ್ ಮಾಲ್ಡಾ ಆರಂಭಿಸಿದ ಸ್ಲ್ಯಾಷ್‌ಡಾಟ್ ತಂತ್ರಜ್ಞಾನದ ಸುದ್ದಿ ಮತ್ತು ಅದರ ಕೆಳಗಿನ ಚರ್ಚೆಗೆ ಹೆಸರಾದ ತಾಣ. ಸದಸ್ಯರ ಕೈಗೆ ಅಂಕ ಕೊಟ್ಟ ವ್ಯವಸ್ಥೆಗಳಲ್ಲಿ ಇಷ್ಟು ಯೋಚಿಸಿ ಕಟ್ಟಿದ್ದು ಇಂದಿಗೂ ವಿರಳ. ಚರ್ಚೆ ಬೆಳೆದಂತೆ ಆರಂಭದ ಕೆಲವೇ ಮಾಡರೇಟರ್‌ಗಳಿಗೆ ಕೆಲಸ ಮೀರಿತು. ಆಗ ಸಾಮಾನ್ಯ ಸದಸ್ಯರನ್ನೇ ಸರದಿಯಂತೆ ಆರಿಸಿ, ಪ್ರತಿಯೊಬ್ಬರಿಗೂ ಐದು ಅಂಕಗಳನ್ನು ಮೂರು ದಿನಗಳ ಮಟ್ಟಿಗೆ ಕೊಡುವ ಏರ್ಪಾಡು ಬಂತು. ಅಷ್ಟರಲ್ಲಿ ಬಳಸದಿದ್ದರೆ ಅಂಕ ಹೋಯಿತು. ತಾನೇ ಮಾತಾಡಿದ ಚರ್ಚೆಯಲ್ಲಿ ಅಂಕ ಹಾಕುವಂತಿಲ್ಲ. ತೀರ್ಪು ಕೊಡಬೇಕೋ ವಾದ ಮಾಡಬೇಕೋ ಎಂಬುದನ್ನು ಸದಸ್ಯ ಆರಿಸಿಕೊಳ್ಳಬೇಕು.

ಪ್ರತಿ ಪ್ರತಿಕ್ರಿಯೆಯ ಅಂಕ −1ರಿಂದ 5ರೊಳಗೆ ಇರುತ್ತದೆ. ಹೆಸರಿಲ್ಲದೆ ಬರೆದದ್ದು ಸೊನ್ನೆಯಿಂದ, ನೋಂದಾಯಿತ ಸದಸ್ಯರು ಬರೆದದ್ದು ಒಂದರಿಂದ, ಒಳ್ಳೆಯ ಹೆಸರು ಗಳಿಸಿದವರು ಬರೆದದ್ದು ಎರಡರಿಂದ ಶುರುವಾಗುತ್ತದೆ. ಗಳಿಸಿದ ಹೆಸರಿಗೆ ಅಲ್ಲಿ ‘ಕರ್ಮ’ ಎಂದೇ ಕರೆದರು. ಆ ಮಾತು ಮುಂದೆ ಇತರ ತಾಣಗಳಿಗೂ ಹಬ್ಬಿತು. ಅಂಕ ಹಾಕುವವರು ಕಾರಣವನ್ನೂ ಹೇಳಬೇಕು: ಒಳನೋಟವಿದೆ, ಮಾಹಿತಿಯಿದೆ, ತಮಾಷೆಯಾಗಿದೆ, ವಿಷಯಕ್ಕೆ ಸಂಬಂಧವಿಲ್ಲ, ಕೆಣಕಲೆಂದೇ ಬರೆದದ್ದು ಹೀಗೆ. ಓದುಗರು ತಮಗೆ ಬೇಕಾದ ಮಟ್ಟವನ್ನು ಇಟ್ಟುಕೊಂಡು, 3ಕ್ಕಿಂತ ಕೆಳಗಿನದ್ದು ಬೇಡ ಎಂದೋ ಎಲ್ಲವೂ ಬೇಕು ಎಂದೋ ಓದಬಹುದು. 1999ರಲ್ಲಿ ಇದರ ಮೇಲೊಂದು ಮೇಲುಸ್ತುವಾರಿಯೂ ಬಂತು. ಹಾಕಿದ ಅಂಕ ನ್ಯಾಯವಾಗಿತ್ತೇ ಎಂದು ಬೇರೆ ಸದಸ್ಯರು ತೀರ್ಪು ಕೊಡುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಮೆಚ್ಚಬೇಕಾದದ್ದು ಅದರ ಸಂಯಮ. ಗರಿಷ್ಠ ಐದು ಎಂದು ಕಟ್ಟು ಹಾಕಿದ್ದರಿಂದ ಸಾವಿರಾರು ಅಂಕಗಳ ಮೆರವಣಿಗೆ ಇಲ್ಲ. ಮತ ವಿರಳವಾಗಿದ್ದುದರಿಂದ ಅದನ್ನು ಯೋಚಿಸಿ ಖರ್ಚು ಮಾಡಬೇಕು. ಹಾಗಿದ್ದೂ ಕ್ಲಿಫ್ ಲ್ಯಾಂಪ್ ಮತ್ತು ಪಾಲ್ ರೆಸ್ನಿಕ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಮಾತು ಹೇಳಿತು. ಯಾವುದು ಒಳ್ಳೆಯದು ಎಂಬುದರಲ್ಲಿ ಮಾಡರೇಟರ್‌ಗಳ ನಡುವೆ ಸಾಕಷ್ಟು ಒಮ್ಮತವಿತ್ತು. ಆದರೆ ಒಳ್ಳೆಯದನ್ನು ಗುರುತಿಸಲು ಹೊತ್ತು ಹಿಡಿಯುತ್ತಿತ್ತು. ತಡವಾಗಿ ಬಂದದ್ದು, ಕಡಿಮೆ ಅಂಕದಿಂದ ಆರಂಭವಾದದ್ದು, ಆಳವಾದ ಎಳೆಯ ತುದಿಯಲ್ಲಿದ್ದದ್ದು ತಕ್ಕ ಗಮನ ಪಡೆಯದೆ ಉಳಿಯುತ್ತಿತ್ತು. ಆಮೇಲೆ ಬಂದ ಹಲವು ವ್ಯವಸ್ಥೆಗಳಲ್ಲೂ ಈ ದೋಷ ಮರುಕಳಿಸಿದೆ.

ನಕ್ಷತ್ರಗಳು ಮತ್ತು ಸರಾಸರಿಯ ತೊಡಕು

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ವಿಬುಲೆಟಿನ್‌ನಂಥ ತಂತ್ರಾಂಶಗಳ ಮೇಲೆ ನಡೆಯುತ್ತಿದ್ದ ವೇದಿಕೆಗಳಲ್ಲಿ ಪ್ರತಿ ಥ್ರೆಡ್‌ಗೆ ಒಂದರಿಂದ ಐದು ನಕ್ಷತ್ರ ಕೊಡಬಹುದಿತ್ತು. ಬೇಕೆಂದರೆ ಪಟ್ಟಿಯನ್ನು ಆ ಸರಾಸರಿಯ ಪ್ರಕಾರ ಜೋಡಿಸಿಕೊಳ್ಳಬಹುದಿತ್ತು. ನೋಡಲು ಸೊಗಸಾದ ಈ ಏರ್ಪಾಡಿನ ತೊಡಕು ಲೆಕ್ಕದಲ್ಲಿದೆ. ಒಬ್ಬರೇ ಐದು ನಕ್ಷತ್ರ ಕೊಟ್ಟ ಥ್ರೆಡ್‌ನ ಸರಾಸರಿ 5. ಐವತ್ತು ಮಂದಿ ಓದಿ ಮೆಚ್ಚಿದ್ದರ ಸರಾಸರಿ 4.6. ಸರಾಸರಿಯನ್ನೇ ನಂಬಿದರೆ ಮೊದಲನೆಯದು ಮೇಲೆ ಕೂರುತ್ತದೆ.

ಇದಕ್ಕೆ ಹಳೆಯ ಪರಿಹಾರವೆಂದರೆ ಪ್ರತಿಯೊಂದಕ್ಕೂ ಕೆಲವು ಕಾಲ್ಪನಿಕ ಮತಗಳನ್ನು ಮೊದಲೇ ಸೇರಿಸಿಬಿಡುವುದು. ಎಲ್ಲದರ ಒಟ್ಟು ಸರಾಸರಿ 3 ಎಂದಿಟ್ಟುಕೊಂಡು, ಪ್ರತಿ ಥ್ರೆಡ್‌ಗೆ ಮೂರು ನಕ್ಷತ್ರದ ಹತ್ತು ಮತಗಳನ್ನು ಕೂಡಿಸಿದರೆ ಒಂಟಿ ಮತದ ಥ್ರೆಡ್ 3.18ಕ್ಕೆ ಇಳಿಯುತ್ತದೆ, ಐವತ್ತು ಮತದ್ದು 4.33ರಲ್ಲಿ ನಿಲ್ಲುತ್ತದೆ. ಐಎಮ್‌ಡಿಬಿ ತನ್ನ 250 ಅತ್ಯುತ್ತಮ ಚಿತ್ರಗಳ ಪಟ್ಟಿಗೆ ಇದೇ ಜಾತಿಯ ಸೂತ್ರವನ್ನು ಪ್ರಕಟಿಸಿತ್ತು. ಸಾಕ್ಷ್ಯ ಸಾಲದಿದ್ದರೆ ಮಧ್ಯದಲ್ಲಿರು, ಸಾಕ್ಷ್ಯ ಬಂದಂತೆ ಮೇಲೇರು ಎಂಬುದು ಅದರ ತತ್ತ್ವ.

ಲೆಕ್ಕ ಸರಿಪಡಿಸಿದರೂ ಮನುಷ್ಯರ ಅಭ್ಯಾಸ ಸರಿಹೋಗಲಿಲ್ಲ. ನಕ್ಷತ್ರ ಕೊಡುವವರಲ್ಲಿ ಬಹುತೇಕರು ಐದನ್ನೇ ಕೊಡುತ್ತಾರೆ, ಉಳಿದವರಲ್ಲಿ ಹೆಚ್ಚಿನವರು ಒಂದನ್ನು. 2009ರಲ್ಲಿ ಯೂಟ್ಯೂಬ್ ತನ್ನಲ್ಲಿ ನಡೆಯುತ್ತಿರುವುದು ಇದೇ ಎಂದು ಬಹಿರಂಗವಾಗಿ ಹೇಳಿ, ಮರುವರ್ಷ ನಕ್ಷತ್ರಗಳನ್ನು ತೆಗೆದು ಲೈಕ್ ಮತ್ತು ಡಿಸ್‌ಲೈಕ್ ತಂದಿತು. ನೆಟ್‌ಫ್ಲಿಕ್ಸ್ 2017ರಲ್ಲಿ ಅದೇ ದಾರಿ ಹಿಡಿಯಿತು.

ಮೇಲೆ, ಕೆಳಗೆ: ಕಾಲವನ್ನು ಸೇರಿಸಿದ ಸೂತ್ರ

ಕೊಂಡಿಗಳನ್ನು ಹಂಚಿಕೊಳ್ಳುವ ತಾಣಗಳಾದ, 2004ರಲ್ಲಿ ಬಂದ ಡಿಗ್ ಮತ್ತು 2005ರ ಜೂನ್‌ನಲ್ಲಿ ಸ್ಟೀವ್ ಹಫ್‌ಮನ್ ಹಾಗೂ ಅಲೆಕ್ಸಿಸ್ ಒಹಾನಿಯನ್ ಆರಂಭಿಸಿದ ರೆಡಿಟ್ ಮತವನ್ನು ಎಲ್ಲ ಸದಸ್ಯರಿಗೂ, ಎಲ್ಲ ಹೊತ್ತಿನಲ್ಲೂ, ಮಿತಿಯಿಲ್ಲದೆ ಕೊಟ್ಟವು. ಡಿಗ್ 2010ರ ಆಗಸ್ಟ್‌ನಲ್ಲಿ ತನ್ನ ವಿನ್ಯಾಸವನ್ನು ಪೂರ್ತಿ ಬದಲಿಸಿ, ಬೇಡವಾದದ್ದನ್ನು ಸದಸ್ಯರು ಕೆಳಗಿಳಿಸುವ ಗುಂಡಿಯನ್ನೇ ತೆಗೆದುಹಾಕಿದಾಗ ಸದಸ್ಯರು ಗುಂಪುಗುಂಪಾಗಿ ರೆಡಿಟ್‌ಗೆ ಹೊರಟುಹೋದರು. ಸದಸ್ಯರು ಮತದ ಹಕ್ಕನ್ನು ಎಷ್ಟು ತಮ್ಮದೆಂದು ಭಾವಿಸಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ರೆಡಿಟ್ 2008ರಿಂದ 2017ರವರೆಗೆ ತನ್ನ ತಂತ್ರಾಂಶವನ್ನು ಮುಕ್ತವಾಗಿ ಪ್ರಕಟಿಸುತ್ತಿದ್ದುದರಿಂದ ಅದರ ‘ಹಾಟ್’ ಸೂತ್ರ ಎಲ್ಲರಿಗೂ ತಿಳಿದಿದೆ. ಮೆಚ್ಚಿದ ಮತಗಳಲ್ಲಿ ಮೆಚ್ಚದ ಮತಗಳನ್ನು ಕಳೆದು, ಉಳಿದದ್ದರ ಲಾಗರಿದಮ್ ತೆಗೆದು, ಅದಕ್ಕೆ ಪೋಸ್ಟ್ ಹುಟ್ಟಿದ ಹೊತ್ತನ್ನು 45,000 ಸೆಕೆಂಡುಗಳಿಂದ ಭಾಗಿಸಿ ಕೂಡಿಸುತ್ತಿದ್ದರು. 45,000 ಸೆಕೆಂಡು ಎಂದರೆ ಹನ್ನೆರಡೂವರೆ ಗಂಟೆ. ಅರ್ಥವಿಷ್ಟೆ: ಮೊದಲ ಹತ್ತು ಮತಕ್ಕೆ ಇರುವ ಬೆಲೆ ಆಮೇಲಿನ ತೊಂಬತ್ತಕ್ಕೆ, ಅದಾದ ಮೇಲಿನ ಒಂಬೈನೂರಕ್ಕೆ, ಮತ್ತು ಹನ್ನೆರಡೂವರೆ ಗಂಟೆ ಹಳೆಯದಾದ ಪೋಸ್ಟ್ ಹೊಸದರ ಸಮಕ್ಕೆ ನಿಲ್ಲಬೇಕಾದರೆ ಹತ್ತು ಪಟ್ಟು ಮತ ಗಳಿಸಿರಬೇಕು.

ಪಾಲ್ ಗ್ರಹಾಂ 2007ರಲ್ಲಿ ಶುರುಮಾಡಿದ ಇಂಥದೇ ತಾಣ ಹ್ಯಾಕರ್ ನ್ಯೂಸ್‌ನಲ್ಲಿ ಕಾಲ ಇನ್ನೂ ನಿಷ್ಠುರ. ಅಲ್ಲಿ ಪ್ರಕಟವಾದ ಸೂತ್ರದ ಮೂಲರೂಪದಲ್ಲಿ ಮತವನ್ನು ವಯಸ್ಸಿನ 1.8ನೆಯ ಘಾತದಿಂದ ಭಾಗಿಸುತ್ತಾರೆ. ಇಲ್ಲಿ ವಯಸ್ಸೆಂದರೆ ಕಳೆದ ಗಂಟೆಗಳಿಗೆ ಎರಡು ಕೂಡಿಸಿದ್ದು. ನೂರು ಮತ ಪಡೆದ ಪೋಸ್ಟ್ ಎರಡು ಗಂಟೆ ಕಳೆದಾಗ ಪಡೆಯುವ ಅಂಕಕ್ಕೆ ಹೋಲಿಸಿದರೆ ಒಂದು ದಿನ ಕಳೆದಾಗ ಅದರ ಸುಮಾರು ಮೂವತ್ತನೇ ಒಂದು ಪಾಲು ಮಾತ್ರ ಉಳಿದಿರುತ್ತದೆ.

ಪ್ರತಿಕ್ರಿಯೆಗಳ ವಿಷಯ ಬೇರೆ. ಅವು ಹಳೆಯದಾದ ಮಾತ್ರಕ್ಕೆ ಕೆಡುವುದಿಲ್ಲ. ಎವಾನ್ ಮಿಲ್ಲರ್ 2009ರಲ್ಲಿ ಬರೆದ ಒಂದು ಲೇಖನ ಅಮೆರಿಕದ ಗಣಿತಜ್ಞ ಎಡ್ವಿನ್ ಬಿ. ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರವನ್ನು ಇಂಥವುಗಳ ಜೋಡಣೆಗೆ ಬಳಸಬಹುದೆಂದು ತೋರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ರೆಡಿಟ್ ಅದನ್ನು ‘ಬೆಸ್ಟ್’ ಎಂಬ ಹೆಸರಿನಲ್ಲಿ ಅಳವಡಿಸಿತು. ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರಗಳ ರ‍್ಯಾಂಡಲ್ ಮನ್ರೋ ಅದರ ವಿವರಣೆ ಬರೆದರು. ಬಂದಿರುವ ಮತಗಳನ್ನು ಒಂದು ಮಾದರಿ ಎಂದು ತಿಳಿದು, ಎಲ್ಲರೂ ಮತ ಹಾಕಿದ್ದರೆ ಮೆಚ್ಚುಗೆಯ ಪ್ರಮಾಣ ಕನಿಷ್ಠ ಎಷ್ಟಿರಬಹುದು ಎಂಬುದನ್ನು ಸೂತ್ರ ಅಂದಾಜು ಮಾಡುತ್ತದೆ. ಶೇಕಡಾ 95 ಭರವಸೆಯ ಮಟ್ಟದಲ್ಲಿ ಲೆಕ್ಕ ಹಾಕಿದರೆ ಒಂದಕ್ಕೆ ಒಂದು ಮೆಚ್ಚುಗೆ ಪಡೆದದ್ದು ಸುಮಾರು ಶೇಕಡಾ 21ರಲ್ಲಿ ನಿಲ್ಲುತ್ತದೆ, ನೂರಕ್ಕೆ ಎಂಬತ್ತು ಪಡೆದದ್ದು 71ರಲ್ಲಿ, ಹತ್ತಕ್ಕೆ ಹತ್ತು ಪಡೆದದ್ದು 72ರಲ್ಲಿ. ತಡವಾಗಿ ಬಂದು ಹತ್ತೇ ಮತ ಗಳಿಸಿದ ಒಳ್ಳೆಯ ಮಾತು ನೂರು ಮತದ ಮಾತಿನ ಪಕ್ಕಕ್ಕೆ ಬರಬಲ್ಲದು. ಸ್ಲ್ಯಾಷ್‌ಡಾಟ್‌ನಲ್ಲಿ ಕಂಡ ದೋಷಕ್ಕೆ ಇಷ್ಟು ನೇರವಾದ ಮದ್ದು ಅದಕ್ಕೆ ಮುಂಚೆ ಬಳಕೆಯಲ್ಲಿರಲಿಲ್ಲ.

ಪ್ರಶ್ನೋತ್ತರದ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ 2008ರಲ್ಲಿ ಮತಕ್ಕೆ ಬೆಲೆ ಕಟ್ಟಿತು. ಮೆಚ್ಚುವ ಮತ ಹಾಕಲು 15, ತಳ್ಳುವ ಮತ ಹಾಕಲು 125 ಅಂಕಗಳ ಪ್ರತಿಷ್ಠೆ ಬೇಕು. ಒಂದು ಉತ್ತರವನ್ನು ತಳ್ಳಿದರೆ ಬರೆದವರಿಗೆ ಎರಡು ಅಂಕ ಹೋಗುತ್ತದೆ, ತಳ್ಳಿದವರಿಗೂ ಒಂದು. ಪ್ರಶ್ನೆ ಕೇಳಿದವರು ಒಪ್ಪಿದ ಉತ್ತರ ಎಷ್ಟೇ ಹಳತಾಗಿದ್ದರೂ ಎಲ್ಲಕ್ಕಿಂತ ಮೇಲೆ ಕೂರುತ್ತಿದ್ದ ನಿಯಮವನ್ನು ಮಾತ್ರ ತಾಣ 2021ರಲ್ಲಿ ಕೈಬಿಡಬೇಕಾಯಿತು. ತಂತ್ರಾಂಶ ಬದಲಾಗಿತ್ತು, ಹತ್ತು ವರ್ಷ ಹಿಂದಿನ ಉತ್ತರ ಇನ್ನೂ ಮೊದಲಿಗೇ ಇತ್ತು.

ಮೊದಲ ಮತದ ಬಲ

ಈ ಪದ್ಧತಿಯ ಬಗ್ಗೆ ನಿಜವಾದ ಆತಂಕ ಹುಟ್ಟಿಸುವುದು ಸೂತ್ರಗಳಲ್ಲ, ಪ್ರಯೋಗಗಳು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ 14,341 ಮಂದಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಕೆಲವರಿಗೆ ಹಾಡುಗಳಷ್ಟೇ ಸಿಕ್ಕವು. ಉಳಿದವರನ್ನು ಎಂಟು ಬೇರೆ ಬೇರೆ ‘ಲೋಕ’ಗಳಿಗೆ ಹಂಚಿ, ಆಯಾ ಲೋಕದಲ್ಲಿ ಎಷ್ಟು ಮಂದಿ ಯಾವ ಹಾಡನ್ನು ಇಳಿಸಿಕೊಂಡರು ಎಂದು ತೋರಿಸಿದರು. ಒಂದು ಲೋಕದಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಗೆಲ್ಲಲಿಲ್ಲ. ತೀರಾ ಒಳ್ಳೆಯದು ಸೋತದ್ದು, ತೀರಾ ಕೆಟ್ಟದ್ದು ಗೆದ್ದದ್ದು ಅಪರೂಪ. ನಡುವಿನ ಹಾಡುಗಳ ಹಣೆಬರಹ ಮಾತ್ರ ಏನು ಬೇಕಾದರೂ ಆಗುತ್ತಿತ್ತು. ಹಾಡುಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಒಂದೇ ಸಾಲಾಗಿ ಜೋಡಿಸಿಟ್ಟಾಗ ಗೆದ್ದವಕ್ಕೂ ಸೋತವಕ್ಕೂ ನಡುವಿನ ಅಂತರ ಇನ್ನಷ್ಟು ಹಿಗ್ಗಿತು. ಯಾರದೂ ಮೋಸವಿಲ್ಲದೆ, ಜೋಡಣೆಯೊಂದರಿಂದಲೇ ಇಷ್ಟು ಆಯಿತು.

ಚರ್ಚೆಗೆ ನೇರವಾಗಿ ಸಂಬಂಧಿಸಿದ ಪ್ರಯೋಗವನ್ನು ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ 2013ರಲ್ಲಿ ಪ್ರಕಟಿಸಿದರು. ಸುದ್ದಿತಾಣವೊಂದರ 1,01,281 ಪ್ರತಿಕ್ರಿಯೆಗಳಲ್ಲಿ ಕೆಲವಕ್ಕೆ ಹುಟ್ಟಿದ ಕೂಡಲೇ ಒಂದೇ ಒಂದು ಕೃತಕ ಮೆಚ್ಚುಗೆ, ಕೆಲವಕ್ಕೆ ಒಂದು ಕೃತಕ ತಿರಸ್ಕಾರ ಹಾಕಿದರು. ಮೆಚ್ಚುಗೆ ಸಿಕ್ಕವುಗಳಿಗೆ ಮೊದಲ ಓದುಗರು ಮೆಚ್ಚುಗೆ ಹಾಕುವ ಸಾಧ್ಯತೆ ಶೇಕಡಾ 32ರಷ್ಟು ಏರಿತು. ಕೊನೆಯ ಅಂಕ ಸರಾಸರಿ ಶೇಕಡಾ 25ರಷ್ಟು ಹೆಚ್ಚಾಯಿತು. ತಿರಸ್ಕಾರವನ್ನು ಮಾತ್ರ ಓದುಗರು ಎದುರು ಮತ ಹಾಕಿ ಸರಿದೂಗಿಸಿದರು. ಅನ್ಯಾಯದ ತಿರಸ್ಕಾರ ಜನರಿಗೆ ಕಾಣುತ್ತದೆ, ಅನರ್ಹ ಮೆಚ್ಚುಗೆ ಕಾಣುವುದಿಲ್ಲ. ಒಂದೇ ಮತಕ್ಕೆ ಇಷ್ಟು ಬಲವಿದ್ದರೆ ಹತ್ತಾರು ನಕಲಿ ಖಾತೆಗಳನ್ನು ಇಟ್ಟುಕೊಂಡವರ ಕೈಯಲ್ಲಿ ಎಷ್ಟಿರಬೇಕು?

ಎರಿಕ್ ಗಿಲ್ಬರ್ಟ್ ಅದೇ ವರ್ಷ ರೆಡಿಟ್‌ನಲ್ಲಿ ಅತಿ ಜನಪ್ರಿಯವಾದ ಕೊಂಡಿಗಳ ಜಾಡು ಹಿಡಿದು, ಅವುಗಳಲ್ಲಿ ಶೇಕಡಾ 52ರಷ್ಟನ್ನು ಮೊದಲ ಸಲ ಹಾಕಿದಾಗ ಯಾರೂ ಗಮನಿಸಿರಲಿಲ್ಲ ಎಂದು ತೋರಿಸಿದರು. ಹೊಸದನ್ನು ಓದಿ ಮತ ಹಾಕುವ ಶ್ರಮವನ್ನು ಕೆಲವರೇ ಹೊರುತ್ತಾರೆ, ಬಹುಮಂದಿ ಮೇಲಿನದನ್ನು ಓದಿ ಹೋಗುತ್ತಾರೆ. ಹೀಗಾಗಿ ಸಾವಿರಾರು ಜನರದ್ದೆಂದು ತೋರುವ ತೀರ್ಪಿನ ಮೊದಲ ಹೆಜ್ಜೆ ಬೆರಳೆಣಿಕೆಯ ಮಂದಿಯದು.

ತಳ್ಳುವ ಮತದ ವಿಷಯದಲ್ಲಿ ಅಭಿಪ್ರಾಯಭೇದ ಇಂದಿಗೂ ಇದೆ. ಅದಿಲ್ಲದಿದ್ದರೆ ಕಸ ಕೆಳಗಿಳಿಯುವುದಿಲ್ಲ ಎನ್ನುತ್ತಾರೆ ಒಂದು ಪಕ್ಷದವರು. ಆದರೆ ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು 2014ರಲ್ಲಿ ನಾಲ್ಕು ದೊಡ್ಡ ಪ್ರತಿಕ್ರಿಯಾ ಸಮುದಾಯಗಳನ್ನು ಪರೀಕ್ಷಿಸಿದಾಗ, ತಳ್ಳಿಸಿಕೊಂಡವರು ಸುಮ್ಮನಾಗದೆ ಇನ್ನೂ ಹೆಚ್ಚು ಬರೆಯುತ್ತಾರೆ, ಇನ್ನೂ ಕೆಳಮಟ್ಟದಲ್ಲಿ ಬರೆಯುತ್ತಾರೆ, ಇತರರನ್ನೂ ಹೆಚ್ಚಾಗಿ ತಳ್ಳುತ್ತಾರೆ ಎಂದು ಕಂಡುಬಂತು. ಯಾಕೆ ತಳ್ಳಿದರು ಎಂಬ ಕಾರಣ ಬಾಣದಲ್ಲಿ ಇರುವುದಿಲ್ಲ. ‘ತಪ್ಪು’ ಎಂಬುದೂ ‘ನನಗೆ ಒಪ್ಪಿಗೆಯಿಲ್ಲ’ ಎಂಬುದೂ ಒಂದೇ ಗುರುತಾಗಿ ಬೀಳುತ್ತದೆ. ಕಾರಣ ಕೇಳುತ್ತಿದ್ದ ಸ್ಲ್ಯಾಷ್‌ಡಾಟ್ ಈ ಮಟ್ಟಿಗೆ ಮುಂದಿತ್ತು. ಜೆಫ್ ಅಟ್‌ವುಡ್ ಮತ್ತು ಸಂಗಡಿಗರು 2013ರಲ್ಲಿ ಹೊರತಂದ ಡಿಸ್ಕೋರ್ಸ್ ತಂತ್ರಾಂಶದಲ್ಲಿ ತಳ್ಳುವ ಮತವನ್ನೇ ಇಡಲಿಲ್ಲ. ಅಟ್‌ವುಡ್ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದವರಲ್ಲೊಬ್ಬರು ಎಂಬುದನ್ನು ಇಲ್ಲಿ ಗಮನಿಸಬೇಕು.

ಸಣ್ಣ ಸಮುದಾಯಗಳಲ್ಲಿ

ಮೇಲಿನ ಸೂತ್ರಗಳೆಲ್ಲ ಹುಟ್ಟಿದ್ದು ದಿನಕ್ಕೆ ಲಕ್ಷಾಂತರ ಮಂದಿ ಬಂದುಹೋಗುವ ಇಂಗ್ಲಿಷ್ ತಾಣಗಳಿಗಾಗಿ. ಕನ್ನಡದಂಥ ಭಾಷೆಯ ಚರ್ಚಾಗುಂಪುಗಳು ಅವನ್ನು ಹಾಗೆಯೇ ಪಡೆದುಕೊಂಡಿವೆ. ಒಂದು ಪೋಸ್ಟ್‌ಗೆ ಐದಾರು ಮತ ಬಿದ್ದರೆ ಹೆಚ್ಚು ಎನ್ನುವ ಕಡೆ ವಿಲ್ಸನ್ ಸೂತ್ರಕ್ಕೆ ಒಳ್ಳೆಯದನ್ನೂ ಸಾಧಾರಣವಾದದ್ದನ್ನೂ ಬೇರ್ಪಡಿಸಲು ಹಿಡಿತವೇ ಸಿಗುವುದಿಲ್ಲ. ಗೆಳೆಯರಿಬ್ಬರ ಮೆಚ್ಚುಗೆ ಕ್ರಮವನ್ನೇ ಬದಲಿಸುತ್ತದೆ.

ಹೊತ್ತಿನ ವಿಷಯ ಇನ್ನೂ ಕುತೂಹಲದ್ದು. ಅಮೆರಿಕದಲ್ಲಿ ಬೇಸಿಗೆಗೆಂದು ಗಡಿಯಾರ ಮುಂದಿಡುವ ತಿಂಗಳುಗಳಲ್ಲಿ ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಸರಿಯಾಗಿ ಹನ್ನೆರಡೂವರೆ ಗಂಟೆಗಳ ಅಂತರ, ಅಂದರೆ ರೆಡಿಟ್ ಪ್ರಕಟಿಸಿದ್ದ ಸೂತ್ರದ ಅದೇ 45,000 ಸೆಕೆಂಡು. ಬೆಂಗಳೂರಿನವರು ಬೆಳಗ್ಗೆ ಎಂಟಕ್ಕೆ ಹಾಕಿದ ಪೋಸ್ಟ್, ಕ್ಯಾಲಿಫೋರ್ನಿಯಾದ ಕನ್ನಡಿಗರು ಅದೇ ತಾರೀಖಿನ ತಮ್ಮ ಬೆಳಗ್ಗೆ ಎಂಟಕ್ಕೆ ಹಾಕಿದ್ದರ ಸಮಕ್ಕೆ ನಿಲ್ಲಬೇಕಾದರೆ ಅಷ್ಟರಲ್ಲಿ ಹತ್ತು ಪಟ್ಟು ಮತ ಪಡೆದಿರಬೇಕು. ದೊಡ್ಡ ಗುಂಪಿನಲ್ಲಿ ಇದು ನಡೆದುಹೋಗುತ್ತದೆ. ಕಡಲಿನ ಎರಡು ಕಡೆ ಹಂಚಿಹೋದ ಸಣ್ಣ ಗುಂಪಿನಲ್ಲಿ ಒಂದು ಕಡೆಯವರ ಮಾತು ಇನ್ನೊಂದು ಕಡೆಯವರು ಎದ್ದು ನೋಡುವಷ್ಟರಲ್ಲಿ ಇಳಿದಿರುತ್ತದೆ. ಇಂಥ ಗುಂಪುಗಳಿಗೆ ತಾರೀಖಿನ ಕ್ರಮವೇ ಒಳಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟಕ್ಕೆ ‘ಅರಳಿಕಟ್ಟೆ’ ಎಂದು ಹೆಸರು. ಅಲ್ಲಿ ಬಾಣವೂ ಇಲ್ಲ, ನಕ್ಷತ್ರವೂ ಇಲ್ಲ. ಒಂದರ ಕೆಳಗೊಂದು ಬರೆದು, ಸಹಿ ಮತ್ತು ತಾರೀಖು ಹಾಕುತ್ತಾರೆ. ಒಪ್ಪುವವರೂ ಒಪ್ಪದವರೂ ಕಾರಣ ಹೇಳುವುದು ರೂಢಿ. ಇಂಗ್ಲಿಷ್ ವಿಕಿಪೀಡಿಯ ಲೇಖನಗಳಿಗೆ ಓದುಗರಿಂದ ನಕ್ಷತ್ರ ಹಾಕಿಸುವ ಪ್ರಯೋಗವನ್ನು 2010ರಲ್ಲಿ ಶುರುಮಾಡಿ, ಹಲವು ಬಾರಿ ರೂಪ ಬದಲಿಸಿ, 2014ರಲ್ಲಿ ನಿಲ್ಲಿಸಿತು.

ಹೊಸ ಪ್ರಯತ್ನಗಳು

ಮತದ ಎಣಿಕೆಯನ್ನೇ ಬಿಟ್ಟು, ಮತ ಹಾಕಿದವರು ಯಾರು ಯಾರು ಎಂಬುದನ್ನು ನೋಡುವ ದಾರಿಯೊಂದು 2021ರ ಜನವರಿಯಲ್ಲಿ ಟ್ವಿಟರ್ ಆರಂಭಿಸಿದ ‘ಬರ್ಡ್‌ವಾಚ್’ನಿಂದ ಹೆಸರಾಯಿತು. ಈಗ ಅದಕ್ಕೆ ‘ಕಮ್ಯೂನಿಟಿ ನೋಟ್ಸ್’ ಎಂದು ಹೆಸರು. ದಾರಿತಪ್ಪಿಸುವ ಪೋಸ್ಟ್‌ಗಳಿಗೆ ಸದಸ್ಯರು ಟಿಪ್ಪಣಿ ಬರೆಯುತ್ತಾರೆ, ಇತರರು ಅದಕ್ಕೆ ಅಂಕ ಹಾಕುತ್ತಾರೆ. ಒಂದೇ ಕಡೆಯ ಸಾವಿರ ಮಂದಿ ಮೆಚ್ಚಿದರೂ ಟಿಪ್ಪಣಿ ಎಲ್ಲರಿಗೂ ಕಾಣುವುದಿಲ್ಲ. ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದವರು ಇದೊಂದನ್ನು ಕೂಡಿ ಒಪ್ಪಿದರೆ ಕಾಣುತ್ತದೆ. ಬಹುಸಂಖ್ಯೆಯೇ ಸತ್ಯ ಎಂಬ ಊಹೆಯನ್ನು ಕೈಬಿಟ್ಟದ್ದು ಇದರ ದೊಡ್ಡ ಗುಣ. ತೀವ್ರ ವಿವಾದದ ವಿಷಯಗಳಲ್ಲಿ ಅಂಥ ಒಪ್ಪಿಗೆ ಕೂಡಿಬರುವುದು ತಡವಾಗುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಟಿಪ್ಪಣಿ ಬರುವಷ್ಟರಲ್ಲಿ ಪೋಸ್ಟ್ ಹರಡಿಯಾಗಿರುತ್ತದೆ.

ಇಷ್ಟು ದೊಡ್ಡ ಯಂತ್ರ ಬೇಡವೆನ್ನುವವರಿಗೆ ಸರಳ ಉಪಾಯಗಳೂ ಇವೆ. ರೆಡಿಟ್‌ನಲ್ಲಿ ಗುಂಪಿನ ಮಾಡರೇಟರ್‌ಗಳು ಹೊಸ ಪ್ರತಿಕ್ರಿಯೆಗಳ ಅಂಕವನ್ನು ಮೊದಲ ಕೆಲವು ಗಂಟೆ ಮರೆಮಾಡಬಹುದು. ಆಗ ಓದುಗರು ಹಿಂದಿನವರ ತೀರ್ಪನ್ನು ಕಾಣದೆ ತಮ್ಮ ತೀರ್ಪು ಕೊಡುತ್ತಾರೆ. ಸ್ಪರ್ಧೆಗಳಿಗೆಂದು ಮಾಡಿದ ಇನ್ನೊಂದು ವಿಧಾನದಲ್ಲಿ ಅಂಕಗಳೂ ಕಾಣುವುದಿಲ್ಲ, ಪುಟ ತೆರೆದಾಗಲೆಲ್ಲ ಕ್ರಮವೂ ಅದಲುಬದಲಾಗುತ್ತದೆ. ಮೇಲಿದ್ದದ್ದಕ್ಕೇ ಮತ್ತೆ ಮತ ಬೀಳುವ ಸುಳಿ ಇದರಿಂದ ತುಂಡಾಗುತ್ತದೆ. ತಾರೀಖಿನ ಕ್ರಮದಲ್ಲಿ ಓದುವ ಗುಂಡಿಯನ್ನೂ ಬಹುತೇಕ ತಾಣಗಳು ಉಳಿಸಿಕೊಂಡಿವೆ. ಆದರೆ ತಾಣವನ್ನು ತೆರೆದ ಕೂಡಲೇ ಕಾಣುವ ಕ್ರಮ ಅದಲ್ಲ, ಮತ್ತು 2017ರ ನಂತರ ರೆಡಿಟ್‌ನ ಮೊದಲ ಪುಟದ ಪೂರ್ತಿ ಲೆಕ್ಕವನ್ನು ಹೊರಗಿನವರು ಓದಿ ಪರೀಕ್ಷಿಸುವಂತಿಲ್ಲ.